ಮೆತ್ತಗಾದ ಬ್ರೇಕು

2025ರ ಫೆಬ್ರವರಿ 10, ಸೋಮವಾರ. ಬೆಳಿಗ್ಗೆ 9.40ಕ್ಕೆ ರಾಮಚಂದ್ರಪ್ಪ ಬಂಗಾರಪೇಟೆ ಠಾಣೆಯ ಮೆಟ್ಟಿಲು ಹತ್ತಿದಾಗ ಅವರ ಪಂಚೆಯ ಮೇಲೆ ಚೆಲ್ಲಿದ್ದ ಹಾಲು ಒಣಗಿ ಗಟ್ಟಿಯಾಗಿತ್ತು. ಡೇರಿಯಲ್ಲಿ ಹಾಲು ಅಳೆಸುತ್ತಿದ್ದಾಗ ಮಗಳ ಸುದ್ದಿ ಮುಟ್ಟಿತ್ತು. ಅಲ್ಲಿಂದ ಶವಾಗಾರಕ್ಕೆ ಓಡಿ, ಶವಾಗಾರದಿಂದ ನೇರ ಠಾಣೆಗೆ ಬಂದಿದ್ದರು.

ಇನ್‌ಸ್ಪೆಕ್ಟರ್ ಸುಮಲತ ಕುರ್ಚಿ ತೋರಿಸಿದರು. ರಾಮಚಂದ್ರಪ್ಪ ಕೂರಲಿಲ್ಲ.

"ನನ್ ಮಗಳು ಕಲ್ಪನನ್ನ ಅವ್ಳ ಗಂಡಾನೇ ಸಾಯಿಸವ್ನೆ ಮೇಡಮ್ಮೋರೆ. ಬರ್ಕೊಳ್ಳಿ."

"ಯಾಕೆ ಹಾಗೆ ಹೇಳ್ತೀರಿ?"

"ಕಾರಿನ್ ಬ್ರೇಕ್ ಸರಿಯಿಲ್ಲ ಅಂತ ಓದ್ ತಿಂಗ್ಳೇ ಏಳಿದ್ಲು. ರಿಪೇರಿ ಮಾಡಿಸ್ದೆ ಅಂದ ಅಳಿಯ ಅಂಬರೀಶ. ಮಾಡ್ಸಿದ್ರೆ ಇವತ್ತೆಂಗೆ ಫೇಲಾಯ್ತು? ಗಂಡ ಎಂಡ್ತಿ ಮಾತಾಡಿ ನಾಕ್ ದಿನ ಆಗಿತ್ತು. ಅದೂ ಏಳಿದ್ಲು."

ಕಲ್ಪನಳಿಗೆ ಮೂವತ್ತೊಂದು ವರ್ಷ. ಗಂಡನ ಮನೆ ಚಿನ್ನದ ಗಣಿಯ ಪಕ್ಕದ ಆಂಡರ್ಸನ್‌ಪೇಟೆ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯ ಕೆಲಸ. ದಿನಾ ಬೆಳಿಗ್ಗೆ ಕಾರಿನಲ್ಲಿ ಬಂಗಾರಪೇಟೆ ಸ್ಟೇಷನ್ನಿಗೆ ಬಂದು, ಕಾರನ್ನು ಅಲ್ಲೇ ನಿಲ್ಲಿಸಿ ರೈಲು ಹತ್ತುತ್ತಿದ್ದಳು. ಅವತ್ತು 6.20ರ ಸುಮಾರಿಗೆ, ಬಂಗಾರಪೇಟೆ ಇನ್ನೆರಡು ಕಿಲೋಮೀಟರ್ ಇದೆ ಅನ್ನುವಾಗ, ಇಳಿಜಾರಿನ ತಿರುವಿನಲ್ಲಿ ಇಟ್ಟಿಗೆ ತುಂಬಿದ ಟ್ರ್ಯಾಕ್ಟರ್ ಅಡ್ಡ ಬಂತು. ಕಾರು ಅದನ್ನು ತಪ್ಪಿಸಿ ಹುಣಸೆಮರಕ್ಕೆ ಹೊಡೆಯಿತು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

10.30ಕ್ಕೆ ಎಫ್‌ಐಆರ್ ಆಯಿತು. ತಂದೆ ಕೊಲೆಯೆಂದೇ ದೂರಿದ್ದರಿಂದ ನ್ಯಾಯ ಸಂಹಿತೆಯ ಕಲಂ 103 ಹಾಕಬೇಕಾಯಿತು.

11.15ಕ್ಕೆ ಸ್ಥಳ ಪಂಚನಾಮೆ. ಹೆಡ್ ಕಾನ್‌ಸ್ಟೇಬಲ್ ಕೋದಂಡಪ್ಪ ಟೇಪು ಹಿಡಿದು ರಸ್ತೆಯುದ್ದಕ್ಕೂ ಬಗ್ಗಿ ನಡೆದರು. ಮೂವತ್ತು ವರ್ಷ ಸರ್ವಿಸಿನವರು. ಅಪಘಾತದ ರಸ್ತೆಯನ್ನು ಪಂಚಾಂಗದ ಹಾಗೆ ಓದಬಲ್ಲವರು.

"ಇಂದಿನ್ ಚಕ್ರದ್ ಗುರ್ತು ಮಾತ್ರ ಅವೆ ಮೇಡಂ. ಮುಂದಿನ್ದು ಇಲ್ಲ. ಇಲ್ನೋಡಿ, ಹ್ಯಾಂಡ್‌ಬ್ರೇಕ್ ಮೇಲ್‌ಗಂಟ ಎಳ್ದವ್ಳೆ."

ಸುಮಲತ ಮುರಿದ ಬಾಗಿಲಿನಿಂದ ಕೈಚಾಚಿ ಬ್ರೇಕ್ ಪೆಡಲನ್ನು ಒತ್ತಿದರು. ಅದು ಒಂದಿಷ್ಟೂ ತಡೆಯಿಲ್ಲದೆ ನೆಲಕ್ಕೆ ಕೂತಿತು. ಕಾಲಿನ ಕೆಳಗೆ ಏನೂ ಉಳಿಯದಿದ್ದಾಗ ಆ ಹುಡುಗಿ ಕೈಗೆ ಸಿಕ್ಕಿದ್ದನ್ನು ಎಳೆದಿದ್ದಳು. ಸೀಟಿನ ಕೆಳಗೆ ಊಟದ ಡಬ್ಬಿ ಬಿದ್ದಿತ್ತು, ಮುಚ್ಚಳ ಬಿಚ್ಚದೆ. ಅದನ್ನೂ ಪಟ್ಟಿಯಲ್ಲಿ ಬರೆಸಿದರು.

ಶವಪರೀಕ್ಷೆ ಮುಗಿದು ಸಂಜೆ ತವರೂರಿನ ಹೊಲದಲ್ಲಿ ಮಣ್ಣು. ಗಲಾಟೆಯಾದೀತೆಂದು ಸುಮಲತ ತಾವೇ ಬಂದೋಬಸ್ತಿಗೆ ಹೋಗಿದ್ದರು. ಗಲಾಟೆಯೇನೂ ಆಗಲಿಲ್ಲ. ರಾಮಚಂದ್ರಪ್ಪ ಬದುವಿನ ಮೇಲೆ ನಿಂತು ಅಳಿಯನಿಗೆ ಕೈ ಅಡ್ಡ ಹಿಡಿದರು, ಅಷ್ಟೇ. "ನೀನ್ ಬರ್ಬೇಡ." ಅಂಬರೀಶ್ ಬೇಲಿಯಾಚೆ ನಿಂತ. ಎಲ್ಲ ಮುಗಿದು ಜನ ಚದುರುವವರೆಗೂ ನಿಂತೇ ಇದ್ದ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಅವನನ್ನು ಠಾಣೆಗೆ ಕರೆಸಿದರು.

"ಬ್ರೇಕಿಗೆ ಏನಾಗಿತ್ತು?"

"ಪೆಡಲ್ ಮೆತ್ತಗಾಗಿತ್ತು ಮೇಡಂ. ಎರಡ್ಮೂರು ಸಲ ತುಳಿದ್ರೆ ಮಾತ್ರ ಹಿಡೀತಿತ್ತು."

"ಯಾರಿಗೆ ತೋರಿಸಿದ್ರಿ?"

"ನಮ್ಮ ಪೇಟೆ ಮೆಕ್ಯಾನಿಕ್ ಕುಪ್ಪುಸ್ವಾಮಿಗೆ. ಮೂವತ್ತೊಂದನೇ ತಾರೀಕು, ಶುಕ್ರವಾರ. ಬ್ರೇಕ್ ಆಯಿಲ್ ಒತ್ತೋ ಮಾಸ್ಟರ್ ಸಿಲಿಂಡರಲ್ಲಿ ರಬ್ಬರ್ ವಾಷರ್ ಹೋಗಿದೆ ಅಂತ ಹೊಸದು ಹಾಕಿದ್ರು. ನಾನೇ ಒಳಗೆ ಕೂತು ಪೆಡಲ್ ತುಳೀತಿದ್ದೆ, ಅವರು ಚಕ್ರದ ಹತ್ರ ಬ್ರೇಕ್ ಪೈಪಲ್ಲಿದ್ದ ಗಾಳಿ ಬಿಡ್ತಿದ್ರು. ಕಲ್ಲಿನ ಥರ ಗಟ್ಟಿಯಾಯ್ತು."

"ಅವತ್ತು ಅಲ್ಲಿ ಬೇರೆ ಯಾರಿದ್ರು?"

"ಅವರೊಬ್ಬರೇ. ಅವರ ಮಗಳು ಕಲಾ ಗುಡಿಯಾತ್ತಂ ಊರಿಗೆ ಹೋಗಿದ್ಲು, ಸೋದರತ್ತೆ ತೀರ್ಕೊಂಡ್ರು ಅಂತ."

"ಆಮೇಲೆ ಬ್ರೇಕ್ ಚೆನ್ನಾಗೇ ಇತ್ತಾ?"

ಅಂಬರೀಶ್ ಮೇಜಿನ ಅಂಚನ್ನು ಉಗುರಿನಿಂದ ಕೆರೆದ.

"ಭಾನುವಾರ ಸಂಜೆ ನಾನು ಓಡಿಸ್ದೆ. ಮತ್ತೆ ಸ್ವಲ್ಪ ಮೆತ್ತಗಿತ್ತು."

"ಹೆಂಡತಿಗೆ ಹೇಳಿದ್ರಾ?"

"ಇಲ್ಲ."

"ಯಾಕೆ?"

"ಮಾತಿರ್ಲಿಲ್ಲ ಮೇಡಂ. ಅವಳ ತಂಗಿ ಮಗು ನಾಮಕರಣಕ್ಕೆ ನಾನು ಹೋಗ್ಲಿಲ್ಲ ಅಂತ ಕೋಪ. ಅವಳೇ ಮೊದಲು ಮಾತಾಡ್ಲಿ ಅಂತ ಇದ್ದೆ. ಬೆಳಿಗ್ಗೆ ಎದ್ದು ಹೇಳಿದ್ರಾಯ್ತು ಅಂದ್ಕೊಂಡೆ. ಎಚ್ಚರ ಆಗೋ ಹೊತ್ತಿಗೆ ಹೋಗ್ಬಿಟ್ಟಿದ್ಲು."

ಹನ್ನೆರಡು ವರ್ಷದ ನೌಕರಿಯಲ್ಲಿ ಸುಮಲತ ಬೇಕಾದಷ್ಟು ಸುಳ್ಳು ಕೇಳಿದ್ದರು. ಇದು ಸುಳ್ಳಿನ ದನಿಯಲ್ಲ ಅನ್ನಿಸಿತು. ಆದರೆ ಅನ್ನಿಸಿದ್ದನ್ನು ಕೇಸ್ ಡೈರಿಯಲ್ಲಿ ಬರೆಯುವ ಹಾಗಿಲ್ಲ. 'ಪರಿಶೀಲಿಸಬೇಕು' ಎಂದಷ್ಟೇ ಬರೆದರು.

12ರಂದು ಮೋಟಾರು ವಾಹನ ನಿರೀಕ್ಷಕರು ಕಾರನ್ನು ಬಿಚ್ಚಿ ನೋಡಿದರು. ಬ್ರೇಕಿನ ಪೈಪುಗಳು ಎಲ್ಲೂ ಕತ್ತರಿಸಿರಲಿಲ್ಲ. ನಟ್ಟುಗಳೆಲ್ಲ ಬಿಗಿ. ಬೇಕೆಂದು ಯಾರೂ ಕೈಯಾಡಿಸಿದ ಗುರುತಿಲ್ಲ. ಆದರೆ ಸಿಲಿಂಡರಿನ ಒಳಗಿದ್ದ ಹೊಸ ರಬ್ಬರ್ ವಾಷರುಗಳು ನೆನೆಹಾಕಿದ ಕಡಲೆಯ ಹಾಗೆ ಉಬ್ಬಿ, ಅಂಚು ಮಡಚಿಕೊಂಡಿದ್ದವು. ಬ್ರೇಕ್ ಆಯಿಲ್ ಡಬ್ಬಿಯಲ್ಲಿದ್ದದ್ದು ಎಂದಿನ ಹೊಂಬಣ್ಣದ್ದಲ್ಲ, ಕೆಂಪಗಿತ್ತು.

"ಬ್ರೇಕಿಗೆ ಹಾಕೋದಲ್ಲ ಅನ್ಸುತ್ತೆ" ಎಂದರು ಅವರು. "ಬೇರೆ ಎಣ್ಣೆ ಬಿದ್ರೆ ರಬ್ಬರ್ ದಿನದಿನಕ್ಕೂ ಊದ್ಕೊಳ್ಳುತ್ತೆ. ಎಂಟು ಹತ್ತು ದಿನ ನಡೆಯುತ್ತೆ. ಆಮೇಲೆ ಒಂದು ದಿನ ಪೆಡಲ್ ಕೈಕೊಡುತ್ತೆ. ಲ್ಯಾಬಿಗೆ ಕಳಿಸಿ."

ಒಂದು ಶೀಶೆಯನ್ನು ಅರಗು ಮುದ್ರೆ ಹಾಕಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಿದರು. ವರದಿ ಬರಲು ಮೂರು ವಾರ. ಇನ್ನೊಂದು ಶೀಶೆ ಠಾಣೆಯಲ್ಲಿ ಉಳಿಯಿತು.

13ರ ಗುರುವಾರ ಬೆಳಿಗ್ಗೆ 11ಕ್ಕೆ ಆ ಶೀಶೆ ಹಿಡಿದು ಸುಮಲತ, ಕೋದಂಡಪ್ಪ ಆಂಡರ್ಸನ್‌ಪೇಟೆಗೆ ಹೋದರು. ಕುಪ್ಪುಸ್ವಾಮಿಯ ಗ್ಯಾರೇಜು ಎಂದರೆ ತಗಡಿನ ಒಂದು ಚಪ್ಪರ. ಅರವತ್ನಾಲ್ಕರ ಕುಪ್ಪುಸ್ವಾಮಿ ಪೆಡಲಿನ ಮೇಲೆ ಒಮ್ಮೆ ಕಾಲಿಟ್ಟರೆ ಸಾಕು, ರೋಗ ಎಲ್ಲಿದೆ ಎಂದು ಹೇಳುತ್ತಾರೆ ಎಂಬುದು ಎರಡೂ ಊರಿನ ಮಾತು. ಠಾಣೆಯ ಜೀಪೂ ಅವರ ಹತ್ತಿರವೇ ಬರುತ್ತಿತ್ತು. ಕೊನೆಯದಾಗಿ ಆ ಕಾರಿನ ಬ್ರೇಕು ಮುಟ್ಟಿದವರು ಅವರು, ಕೇಳದೆ ವಿಧಿಯಿಲ್ಲ.

"ವಾಂಗ, ಬನ್ನಿ. ಕೋದಂಡಪ್ಪ ಅಲ್ವಾ, ಬೂಟಿನ ಸದ್ದು" ಎಂದು ಎದ್ದರು. ಕಲ್ಪನಳ ಹೆಸರೆತ್ತುವ ಮೊದಲೇ ತಾವಾಗಿ ಹೇಳಿದರು, "ಆ ಮಗು ಸುದ್ದಿ ಕೇಳಿದಾಗಿಂದ ಅನ್ನ ಇಳೀತಿಲ್ಲ. ನಾನು ಹಾಕಿದ ಬ್ರೇಕು. ಹೆಂಗೆ ಹೋಯ್ತೋ ಗೊತ್ತಾಗ್ತಿಲ್ಲಮ್ಮ."

ಸುಮಲತ ಶೀಶೆಯನ್ನು ಅವರ ಕೈಗಿಟ್ಟರು. "ಇದು ಯಾವ ಆಯಿಲ್, ಹೇಳಬಹುದಾ?" ಯಾವ ಕಾರಿನದೆಂದು ಹೇಳಲಿಲ್ಲ.

"ಅದಕ್ಕೇನು, ಸುಲಭ. ಒಂದು ಗ್ಲಾಸ್ ನೀರಿಗೆ ನಾಲ್ಕು ತೊಟ್ಟು ಬಿಡಿ. ಬ್ರೇಕ್ ಆಯಿಲ್ ಆದ್ರೆ ನೀರಲ್ಲಿ ಕಲೆತು ಹೋಗ್ತದೆ. ಬೇರೆದಾದ್ರೆ ಮೇಲೆ ತೇಲ್ತದೆ."

ಕೋದಂಡಪ್ಪ ಮಡಕೆಯಿಂದ ಗ್ಲಾಸಿನಲ್ಲಿ ನೀರು ತಂದು ಬೆಂಚಿನ ಮೇಲಿಟ್ಟರು. ಸುಮಲತ ತೊಟ್ಟು ಬಿಟ್ಟರು. ಹನ್ನೊಂದರ ಬಿಸಿಲು ನೇರ ಗ್ಲಾಸಿನ ಮೇಲಿತ್ತು. ನೀರಿನ ಮೇಲೆ ಕೆಂಪು ಹನಿಗಳು ಕುಂಕುಮದ ಬೊಟ್ಟಿನಂತೆ ನಿಂತವು.

"ಏನಾಯ್ತು?" ಎಂದರು ಕುಪ್ಪುಸ್ವಾಮಿ.

"ನಿಮ್ಮ ಮುಂದೇ ಇದೆಯಲ್ಲ. ನೀವೇ ನೋಡಿ."

ಅವರು ಬಗ್ಗಿದರು. ಮುಖ ಗ್ಲಾಸಿನ ಕಡೆಗಲ್ಲ, ಅದರಿಂದ ಗೇಣು ದೂರ, ಬರೀ ಬೆಂಚಿನ ಮೇಲೆ ಬಗ್ಗಿತ್ತು. ಸುಮಲತ ಅವರ ಕಣ್ಣುಗಳನ್ನು ನೋಡಿದರು.

ಅಷ್ಟರಲ್ಲಿ ಅಂಗಡಿಗೆ ಹೋಗಿದ್ದ ಕಲಾ ಬಾಗಿಲಿಗೆ ಬಂದಳು. ಪೊಲೀಸರನ್ನು ಸರಿಯಾಗಿ ಗಮನಿಸುವ ಮೊದಲೇ, ದಿನದ ರೂಢಿಯಂತೆ ಹೇಳಿಬಿಟ್ಟಳು: "ತೇಲ್ತಾ ಇದೆ ಅಪ್ಪಾ. ಕೆಂಪಗಿದೆ. ಸ್ಟೇರಿಂಗ್ ಆಯಿಲ್ಲು."

"ಯಾವ ಗಾಡಿದು ಮೇಡಂ?" ಕುಪ್ಪುಸ್ವಾಮಿಯ ದನಿ ಸಣ್ಣಗಾಗಿತ್ತು.

"ಕಲ್ಪನ ಅವರದು."

ಅವರು ಕೈಯಿಂದ ತಡವಿ ಸ್ಟೂಲನ್ನು ಹುಡುಕಿ ಕೂತರು. ಕಲಾ ಮುಂದೆ ಬಂದು ಅಪ್ಪನಿಗೆ ಅಡ್ಡ ನಿಂತಳು.

"ಅದು ನಾನು ಸುರಿದಿದ್ದು ಮೇಡಂ. ನನ್ನ ತಪ್ಪು. ಅಪ್ಪನಿಗೇನೂ ಗೊತ್ತಿಲ್ಲ."

"ಯಾವತ್ತು ಸುರಿದೆ?"

"ಶುಕ್ರವಾರ. ಗಾಡಿ ಬಂದ ದಿನ."

"ಆ ದಿನ ನೀನು ಊರಲ್ಲಿರಲಿಲ್ಲ ಕಲಾ."

ಕಲಾ ಅಪ್ಪನ ಕಡೆ ತಿರುಗಿದಳು.

"ಬಿಡು ಕಣ್ಣೂ" ಎಂದರು ಕುಪ್ಪುಸ್ವಾಮಿ. ಮಗಳನ್ನು ಅವರು ಕರೆಯುತ್ತಿದ್ದದ್ದೇ ಹಾಗೆ. "ನೀನು ಸುಮ್ನಿರು. ಬರ್ಕೊಳ್ಳಿ ಮೇಡಂ, ಹೇಳ್ತೀನಿ."

ಮೂರು ವರ್ಷದಿಂದ ಕಣ್ಣು ಮಂಜಾಗುತ್ತಾ ಬಂದಿತ್ತು. ಸಕ್ಕರೆ ಕಾಯಿಲೆ ಕಣ್ಣಿನ ಒಳಪೊರೆಯನ್ನು ತಿಂದಿದೆ, ಇನ್ನು ನೋಟ ಬರುವುದಿಲ್ಲ, ಕೆಲಸ ನಿಲ್ಲಿಸಿ ಎಂದು ಡಾಕ್ಟರು ಹೇಳಿದ್ದರು. ಅವರು ನಿಲ್ಲಿಸಲಿಲ್ಲ. ಕೈಗೆ ಎಲ್ಲ ಗೊತ್ತಿತ್ತು. ಕೈಗೆ ಗೊತ್ತಾಗದ್ದನ್ನು ಕಲಾ ಮೆಲ್ಲಗೆ ಹೇಳುತ್ತಿದ್ದಳು. ಬ್ರೇಕ್ ಆಯಿಲ್ ಬಾಟಲಿಗೆ ಟ್ಯೂಬಿನ ತುಂಡೊಂದನ್ನು ಬಳೆಯ ಹಾಗೆ ತೊಡಿಸಿಡುತ್ತಿದ್ದಳು, ತಡವಿದರೆ ತಿಳಿಯಲೆಂದು. ಆ ಶುಕ್ರವಾರ ಹಳೆ ಬಾಟಲಿ ಕೆಲಸದ ಅರ್ಧಕ್ಕೇ ಮುಗಿಯಿತು. ಶೆಲ್ಫಿನಲ್ಲಿ ಒಂದೇ ಅಳತೆಯ ಎರಡು ಹೊಸ ಬಾಟಲಿ ಇದ್ದವು. ಎರಡಕ್ಕೂ ಬಳೆ ಇರಲಿಲ್ಲ.

"ಮೂಸಿ ನೋಡಿದೆ. ಶೀತ ಆಗಿತ್ತು, ಗೊತ್ತಾಗ್ಲಿಲ್ಲ. ಅಂಬರೀಶ್ ಒಳಗೇ ಕೂತಿದ್ದ. 'ಇದರ ಮೇಲೆ ಏನು ಬರ್ದಿದೆ, ಓದಪ್ಪ' ಅಂತ ಒಂದು ಮಾತು ಕೇಳಿದ್ರೆ ಆಗ್ತಿತ್ತು." ಅವರು ಎಣ್ಣೆಯ ಕೈಯನ್ನು ಬಟ್ಟೆಗೆ ಒರೆಸಿಕೊಂಡರು. "ಬಾಯಿ ಬರ್ಲಿಲ್ಲಮ್ಮ."

12.30ಕ್ಕೆ ಪಂಚರನ್ನು ಕರೆಸಿ ಎರಡೂ ಬಾಟಲಿಗಳನ್ನು ಪಂಚನಾಮೆ ಮಾಡಿ ವಶಪಡಿಸಿಕೊಂಡರು. ಕೆಂಪು ಎಣ್ಣೆಯ ಬಾಟಲಿ ಅರ್ಧ ಖಾಲಿಯಾಗಿತ್ತು. ಕಲಂ 103 ಕೈಬಿಟ್ಟು, ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದ ಕಲಂ 106(1)ಕ್ಕೆ ಬದಲಿಸಲು ನ್ಯಾಯಾಲಯಕ್ಕೆ ವರದಿ ಸಿದ್ಧವಾಯಿತು. ಸಂಜೆ 4ಕ್ಕೆ ಕುಪ್ಪುಸ್ವಾಮಿಯ ಬಂಧನವನ್ನು ದಾಖಲಿಸಿದರು. ಜಾಮೀನು ಸಿಗುವ ಅಪರಾಧ. ಕಲಾ ಜಾಮೀನುದಾರರನ್ನು ಹುಡುಕಿಕೊಂಡು ಓಡಿದಳು. "ಆತುರ ಬೇಡ, ನಾನು ಇಲ್ಲೇ ಇರ್ತೀನಿ" ಎಂದು ಅವರು ಬೆಂಚಿನ ಮೇಲೆ ಕೂತರು.

ವಿಷಯ ತಿಳಿಸಲು ರಾಮಚಂದ್ರಪ್ಪನವರನ್ನೂ ಅಂಬರೀಶನನ್ನೂ ಕರೆಸಿದ್ದರು. ಸುಮಲತ ಹೇಳಿದ್ದನ್ನೆಲ್ಲ ರಾಮಚಂದ್ರಪ್ಪ ಕೇಳಿದರು. ಬೆಂಚಿನ ಮೇಲಿದ್ದ ಕುಪ್ಪುಸ್ವಾಮಿಗೆ ಬೈಯಲಿಲ್ಲ. ಅಳಿಯನ ಕಡೆ ತಿರುಗಿ, "ಒಂದಿಡಿ ಮಣ್ಣಾಕಕ್ಕೂ ಬಿಡ್ನಿಲ್ವಲ್ಲೋ ನಿನ್ನ ನಾನು" ಎಂದು ಅಲ್ಲೇ ನೆಲಕ್ಕೆ ಕುಸಿದರು. ಅಂಬರೀಶ್ ಅವರನ್ನು ಎಬ್ಬಿಸಲು ಬಗ್ಗಿದವನು ತಾನೂ ಪಕ್ಕದಲ್ಲೇ ಕೂತ. ಭಾನುವಾರದ ಸಂಜೆಯ ವಿಷಯವನ್ನು ಅವನೇ ಮಾವನಿಗೆ ಹೇಳಿದ. ಸುಮಲತ ಎದ್ದು ಹೊರಗೆ ಬಂದರು.

ಅಂದಿನ ಕೇಸ್ ಡೈರಿಯಲ್ಲಿ ಸುಮಲತ ಹೀಗೆ ಬರೆದರು: 'ಆರೋಪಿಗೆ ಮೃತಳ ಮೇಲೆ ದ್ವೇಷವಿಲ್ಲ. ಚಾಂಪಿಯನ್ ರೀಫ್ಸ್ ಚಿನ್ನದ ಗಣಿ ಮುಚ್ಚುವವರೆಗೆ ಹದಿನೆಂಟು ವರ್ಷ, ಕೆಲಸಗಾರರನ್ನು ಪಾತಾಳಕ್ಕೆ ಇಳಿಸುವ ಕೇಜಿನ ಬ್ರೇಕು ಈತನ ಉಸ್ತುವಾರಿಯಲ್ಲಿತ್ತು. ಆ ಅವಧಿಯಲ್ಲಿ ಬ್ರೇಕಿನಿಂದ ಒಂದು ಜೀವವೂ ಹೋಗಿಲ್ಲವೆಂದು ಹೇಳುತ್ತಾನೆ. ಕಣ್ಣು ಹೋದ ಸಂಗತಿ ತಿಳಿದರೆ ಜನ ತನ್ನ ಕೈಯನ್ನು ನಂಬುವುದಿಲ್ಲ ಎಂಬ ನಾಚಿಕೆಯಿಂದ ಮುಚ್ಚಿಟ್ಟಿದ್ದಾನೆ.' 'ನಾಚಿಕೆ' ಎಂಬುದನ್ನು ಹೊಡೆದು 'ಭಯ' ಎಂದು ಬರೆದರು. ಮತ್ತೆ ಅದನ್ನೂ ಹೊಡೆದು 'ನಾಚಿಕೆ' ಎಂದೇ ಬರೆದರು.

ಬಂಧನ ಪತ್ರವನ್ನು ಕೋದಂಡಪ್ಪ ಗಟ್ಟಿಯಾಗಿ ಓದಿ, ಪೆನ್ನನ್ನು ಕುಪ್ಪುಸ್ವಾಮಿಯ ಬೆರಳುಗಳ ನಡುವೆ ಇಟ್ಟರು. ಕುಪ್ಪುಸ್ವಾಮಿ ಕಾಗದದ ಮೇಲೆ ಅಂಗೈ ಆಡಿಸಿದರು. ಆಮೇಲೆ ತಲೆಯೆತ್ತಿ, ಮಗಳಲ್ಲದ ಮತ್ತೊಬ್ಬರ ಕಣ್ಣಿನ ನೆರವನ್ನು ಮೊತ್ತಮೊದಲ ಬಾರಿಗೆ ಕೇಳಿದರು:

"ಎಲ್ಲಿ ಅಂತ ತೋರ್ಸು ಕೋದಂಡಪ್ಪ. ನನಗೆ ಕಾಣಲ್ಲ."