ಸುಟ್ಟ ಪಂಪು, ಖಾಲಿ ಕುರ್ಚಿ

ಪರೀಕ್ಷಾ ಕೋಣೆಯಲ್ಲಿ ಫಿಟ್ಟರ್ ಕಾಶಪ್ಪ ಪಂಪಿನ ತಿರುಗುವ ದಂಡಕ್ಕೆ ಎರಡೂ ಕೈ ಹಾಕಿ ಹೊರಳಿಸಲು ನೋಡಿದ. ಅದು ತಿರುಗಲಿಲ್ಲ. ಬಗ್ಗಿ ಮೂಸಿದ. ಸುಟ್ಟ ರಬ್ಬರಿನ ವಾಸನೆ.

"ಬಾಯಾರ, ಯಾರೋ ಇದನ್ನ ಕೊಂದಾರ್ರಿ!"

ಶೈಲಶ್ರೀ ಓಡಲಿಲ್ಲ. ನಡೆದೇ ಬಂದಳು. ಮೊದಲು ಗೋಡೆಯ ಮೇಲಿನ ಪಂಪಿನ ಫ್ಯೂಜು ಕಿತ್ತು ತನ್ನ ಚೀಲಕ್ಕೆ ಹಾಕಿಕೊಂಡಳು.

"ನೀ ಸ್ವಿಚ್ ಒತ್ತಿದ್ಯಾ?"

"ಇಲ್ರಿ. ವಾಸನಿ ಬಂತು, ಕೈಲೆ ತಿರುವಿ ನೋಡಿದೆ. ಅಷ್ಟ."

"ಇನ್ನ ಯಾರೂ ಮುಟ್ಟಬ್ಯಾಡ್ರಿ."

ಅದು 2005ರ ಒಂದು ಶುಕ್ರವಾರದ ಬೆಳಿಗ್ಗೆ. ಮರಾಠಿ ನೆಲದ ಭೋಸರಿಯ ಆ ಕಾರ್ಖಾನೆ ಹೊಲದ ಪಂಪುಗಳನ್ನು ಮಾಡುತ್ತಿತ್ತು. ಕಚೇರಿ ಊರಿನ ಇನ್ನೊಂದು ತುದಿಯ ವಿಮಾನ ನಗರದಲ್ಲಿ. ಕಚೇರಿಗೆ ಭಾನುವಾರ ರಜೆ, ಕಾರ್ಖಾನೆಗೆ ಗುರುವಾರ. ಒಡತಿ ಸಾವಂತ್ರವ್ವ, ಬಾಗಲಕೋಟೆ ಕಡೆಯವರು. ಗಂಡ ತೀರಿದ ಮೇಲೆ ಎಲ್ಲವನ್ನೂ ಅವರೇ ನಡೆಸುತ್ತಿದ್ದರು.

ವೈಸ್ ಪ್ರೆಸಿಡೆಂಟ್ ಕುರ್ಚಿ ಖಾಲಿಯಾಗಿತ್ತು. ಆ ಕುರ್ಚಿಗೆ ಇಬ್ಬರು. ಒಬ್ಬಳು ಉತ್ಪಾದನೆಯ ಮ್ಯಾನೇಜರ್ ಶೈಲಶ್ರೀ. ನಕ್ಷೆ ತಿದ್ದುವ ಹುಡುಗಿಯಾಗಿ ಸೇರಿ ಇಲ್ಲಿಯವರೆಗೆ ಬಂದವಳು. ಇನ್ನೊಬ್ಬ ಮಾರಾಟದ ಮ್ಯಾನೇಜರ್ ಶಿವಪ್ರಕಾಶ, ಬೆಂಗಳೂರಿನವನು. ಈ ಹೊಸ ಪಂಪು ಶೈಲಶ್ರೀಯದು. ಶನಿವಾರ ಡೀಲರುಗಳ ಎದುರು ಅದು ನೀರೆತ್ತಿದರೆ ಕುರ್ಚಿ ಅವಳದು. ನೀರು ಸೋರದಂತೆ ತಡೆಯುವ ಒಳಗಿನ ರಬ್ಬರ್ ಸೀಲನ್ನು ಈ ಒಂದು ಪಂಪಿಗೆಂದೇ ಮಾಡಿಸಿದ್ದರು. ಇನ್ನೊಂದು ಇರಲಿಲ್ಲ.

ಅವಳು ನೆಲಕ್ಕೆ ಕೂತು ಪಂಪಿನ ಕೆಳಗಿನ ಬೂಚು ಮುಟ್ಟಿದಳು. ಬೆರಳಿಗೇ ಬಿಚ್ಚಿಕೊಂಡಿತು. ಒಳಗೆ ಒಂದು ಹನಿ ನೀರಿಲ್ಲ.

"ಬೂಚು ನೀ ಹಿಂಗ ಬಿಡ್ತೀಯೇನು?"

"ಛೆ! ಬುಧವಾರ ಸಂಜೀಕ ನೀರು ತುಂಬಿ, ಪಾನಾ ಹಚ್ಚಿ ಬಿಗಿದೇನ್ರಿ. ಮನ್ಯಾಗ ನಲ್ಲಿ ಬಂದ್ ಮಾಡಾಕೂ ಪಾನಾ ಹುಡುಕ್ತೀ ಅಂತ ನನ್ನ ಹೇಂತಿ ಬೈತಾಳ."

ಶೈಲಶ್ರೀಗೆ ಅರ್ಥವಾಯಿತು. ನೀರಿಲ್ಲದೆ ಓಡಿದ ಪಂಪಿನಲ್ಲಿ ಸೀಲು ಕಾದು ಸುಟ್ಟು ದಂಡಕ್ಕೆ ಕಚ್ಚಿಕೊಳ್ಳುತ್ತದೆ. ಯಾರೋ ನೀರು ಇಳಿಸಿ, ಖಾಲಿ ಪಂಪನ್ನು ಓಡಿಸಿ, ಬೂಚನ್ನು ಸ್ಪ್ಯಾನರ್ ಇಲ್ಲದೆ ಕೈಯಲ್ಲೇ ಹಾಕಿ ಹೋಗಿದ್ದರು.

* * *

ಸಾವಂತ್ರವ್ವ ಕಾರಿನಿಂದ ಇಳಿದರು. ಜೊತೆಗೆ ತಮ್ಮನ ಮಗ ಮಾಂತು. ವಿಮಾನ ನಗರದ ಕಚೇರಿಯಲ್ಲಿ ಖರೀದಿ ವಿಭಾಗ ಅವನದು.

ಪಂಪು ನೋಡಿದವರೇ ಸಾವಂತ್ರವ್ವ ಕಾಶಪ್ಪನ ಕಡೆ ತಿರುಗಿದರು. ಬಾಗಿಲು ತೆರೆದೇ ಇತ್ತು, ಎಲ್ಲರ ಎದುರು.

"ನೀರು ಹಾಕಲಾರದ ಓಡ್ಸೀಯೇನೋ? ಕುಡದ ಬಂದಿದ್ಯಾ?"

"ಅವ್ವಾರ, ನಾ ಮಾಲೆ ಹಾಕಿದಾಂವರಿ. ಕುಡ್ಯಂಗಿಲ್ಲ."

"ಬಾಯಿ ಮುಚ್ಚು!"

ಕೊರಳಿನ ತುಳಸಿ ಮಾಲೆ ಹಿಡಿದುಕೊಂಡು ಕಾಶಪ್ಪ ಹಾಗೇ ನಿಂತ. ಲೇಥುಗಳ ಮುಂದಿದ್ದವರೆಲ್ಲ ತಲೆ ಕೆಳಗೆ ಹಾಕಿದರು.

ಮಾಂತು ಮೆಲ್ಲಗೆ ಹೇಳಿದ: "ಬಡವನ ಹೊಟ್ಟೀ ಮ್ಯಾಲ ಹೊಡೀಬಾರದಂತ ಸುಮ್ಮಿದ್ದೆ, ಅತ್ತಿ. ನಿನ್ನಿ ಮಧ್ಯಾಹ್ನ ಸ್ಯಾಂಪಲ್ ಒಯ್ಯಾಕ ಇಲ್ಲಿಗೆ ಬಂದಿದ್ದೆ. ಹೊಸಾ ಪಂಪು ನೋಡೂನು ಅಂತ ಸ್ವಿಚ್ ಒತ್ತಿದೆ. ಗುಂಯ್ ಅಂತು, ತಿರುಗಲಿಲ್ಲ. ಅಂದ್ರ ಬುಧವಾರನ ಸುಟ್ಟದ. ಬುಧವಾರ ಕಡೀಕ ಮುಟ್ಟಿದಾಂವ ಇಂವನ."

ಶೈಲಶ್ರೀ ಒಬ್ಬಳನ್ನೇ ಉಳಿಸಿಕೊಂಡು ಸಾವಂತ್ರವ್ವ ಪರೀಕ್ಷಾ ಕೋಣೆಯ ಬಾಗಿಲು ಹಾಕಿದರು.

"ಶೈಲಾ, ಪಂಪು ಹೋದರ ಹೋಗ್ಲಿ. ಆ ಕುರ್ಚೀ ಮ್ಯಾಲ ಕೂಡಾಕ ಕೆಲಸ ಬಂದರ ಸಾಲಂಗಿಲ್ಲ. ಎದಿ ಗಟ್ಟಿ ಬೇಕು. ಕಾಶಪ್ಪನ್ನ ಇವತ್ತ ನೀನ ತಗದು ಹಾಕು. ನಾಳೆ ಕುರ್ಚಿ ನಿನ್ನದು."

"ಅಂವ ಮಾಡಿಲ್ರಿ."

"ಹಂಗಾರ ಯಾರು?"

"ಗೊತ್ತಿಲ್ರಿ. ಸಂಜೀಕ ಹೇಳ್ತೀನಿ."

"ಹೇಳದಿದ್ದರ ಕುರ್ಚಿ ಶಿವಪ್ರಕಾಶಂದು."

"ಆಗ್ಲಿರಿ. ಮಾಡದ ತಪ್ಪಿಗೆ ಒಬ್ಬನ ಅನ್ನ ಕಿತ್ತು ಆ ಕುರ್ಚಿ ಹತ್ತೂದು ನನಗ ಬ್ಯಾಡ್ರಿ."

ಸಾವಂತ್ರವ್ವ ಹುಬ್ಬೇರಿಸಿದರು. ಅವರ ಎದುರು ಹಾಗೆ ಮಾತಾಡಿದವರು ಕಡಿಮೆ.

* * *

ಗೇಟಿನಲ್ಲಿ ಕಾವಲುಗಾರ ಶಿವಪ್ಪ ಸೊಂಟಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ.

"ಏನಾತು?"

"ನಿನ್ನಿ ರಸ್ತೆ ಕೂಡೂ ನಾಕ್ಯಾದಿಂದ ಗಿಡಕ್ಕ ನೀರು ಹೊತ್ತೇನ್ರಿ. ಗುರುವಾರ ಅಲ್ರೀ? ಬೋರ್ ನಡ್ಯಂಗಿಲ್ಲ."

ಅವಳ ಲಕ್ಷ್ಯ ಬೇರೆ ಕಡೆ ಇತ್ತು. "ಬುಧವಾರ ಹೊರಗಿನವರು ಯಾರರ ಬಂದಿದ್ರೇನು?"

"ಶಿವಪ್ರಕಾಶ ಸಾಹೇಬರು ಬಂದಿದ್ರು. ಫೋಟೋ ಹೊಡ್ಯಾಕ. ಮತ್ತ ಯಾರೂ ಇಲ್ರಿ."

ಶೈಲಶ್ರೀಯ ಕಿವಿ ನೆಟ್ಟಗಾಯಿತು. ಅಷ್ಟರಲ್ಲಿ ಅವನೇ ಎದುರಿಗೆ ಬಂದ. ಟೈ ಸರಿಪಡಿಸಿಕೊಳ್ಳುತ್ತಾ ನಕ್ಕ.

"ಏನ್ ಮೇಡಂ, ಡಿಟೆಕ್ಟಿವ್ ಕೆಲ್ಸಾನಾ? ನಾನು ಆವತ್ತೇ ಹೇಳಿದ್ನಲ್ಲ, ಎಕ್ಸಿಕ್ಯೂಟಿವ್ ಆಗೋಕೆ ಮೆಷಿನ್ ಹತ್ರ ನಿಂತ್ರೆ ಸಾಲ್ದು. ದೊಡ್ಡೋರ ಕಣ್ಣಿಗೆ ಕಾಣ್ಬೇಕು."

"ಬುಧವಾರ ಸಂಜೆ ನೀವು ಕಂಡಿದ್ದು ಪಂಪಿನ ಹತ್ರ ಅಂತೆ."

ನಗು ಹೋಯಿತು. "ನನ್ ಮೇಲೆ ಡೌಟಾ? ಫೋಟೋ ತೆಗ್ದು ಹೊರಟೋದೆ, ಅಷ್ಟೇ."

"ಕಾರಿನಲ್ಲಾ?"

ಅವನ ಕಿವಿ ಕೆಂಪಾದವು. "ಅದೆಲ್ಲಾ ಯಾಕೆ ಈಗ?"

ಏನನ್ನೋ ಮುಚ್ಚಿಡುತ್ತಿದ್ದಾನೆ. ಶೈಲಶ್ರೀ ಸರಸರ ಒಳಗೆ ಹೋದಳು. ಪ್ಯಾಕಿಂಗಿನ ಹುಲಿಗೆವ್ವ ಪೆಟ್ಟಿಗೆಗಳ ನಡುವೆ ಕೂತಿದ್ದಳು.

"ಹುಲಿಗೆವ್ವ, ಬುಧವಾರ ಶಿವಪ್ರಕಾಶ ಸಾಹೇಬರು ಹೋಗಿದ್ದು ನೋಡೀಯೇನು?"

ಹುಲಿಗೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ನೋಡೂದೇನ್ರಿ ಬಾಯಾರ, ನಮ್ಮ ಬಸ್ಸಿನ್ಯಾಗ ನನ್ನ ಬಾಜೂಕ ಕುಂತಿದ್ರು! ಕಾರು ಕೆಟ್ಟಿತ್ತಂತ. ಕ್ಯಾಮರಾ ತೊಡೀ ಮ್ಯಾಲಿಟ್ಟು ಮದುಮಗನಂಗ ಕುಂತಿದ್ರು. ನಾ ನಿದ್ದಿ ಹತ್ತಿ ಅವರ ಹೆಗಲ ಮ್ಯಾಲ ಬಿದ್ದೇನಿ. ವಾಕಡ ಸ್ಟಾಪ್ ಬರೂಮಟ ಎಬ್ಬಸಲಿಲ್ಲ, ಪಾಪ."

"ಬಸ್ಸು ಬಿಡೂಮುಂದ ಕಾಶಪ್ಪ ಎಲ್ಲಿದ್ದ?"

"ಬಸ್ಸಿನ್ಯಾಗ. ಅಂವ ಪಂಪು ಬಿಟ್ಟು ಸೀದಾ ಬಂದ ಹತ್ತಿದ. ಹಿಂದಿಂದ ಸಾಹೇಬರು ಹತ್ತಿದ್ರು."

ಮುಚ್ಚಿಟ್ಟಿದ್ದು ಅಷ್ಟೇ. ದೊಡ್ಡವರ ಕಣ್ಣಿಗೆ ಕಾಣಬೇಕೆನ್ನುವವನು ಕಾರ್ಮಿಕರ ಬಸ್ಸಿನಲ್ಲಿ ಹೋಗಿದ್ದ.

ಶೈಲಶ್ರೀ ಪಂಪಿನ ಮುಂದೆ ಬಂದು ಕೂತಳು. ಬಸ್ಸು ಬಿಡುವ ಮೊದಲೇ ಸುಟ್ಟಿದ್ದರೆ ವಾಸನೆ ಎಲ್ಲರಿಗೂ ಬರುತ್ತಿತ್ತು. ಇಬ್ಬರೂ ಅಲ್ಲ. ಹಾಗಾದರೆ? ಮೇಲೆ ಫ್ಯಾನು ತಿರುಗುತ್ತಿತ್ತು. ಗೇಟಿನ ಬಳಿಯ ಗಿಡಗಳಿಗೆ ಬೋರಿನ ನೀರು ಬಿದ್ದ ಸದ್ದು ಕೇಳಿತು. ಶಿವಪ್ಪ ಪೈಪು ಹಿಡಿದು ನಿಂತಿದ್ದ.

ಅವಳು ಥಟ್ಟನೆ ಎದ್ದಳು. ಗೇಟಿಗೆ ಹೋದಳು.

"ಶಿವಪ್ಪ, ನಾ ತಪ್ಪು ಕೇಳಿದೆ. ಹೊರಗಿನವರು ಬ್ಯಾಡ. ಬಸ್ಸು ಹೋದ ಮ್ಯಾಲ ಮನೆಯವರು ಯಾರರ ಬಂದಿದ್ರೇನು?"

ಶಿವಪ್ಪ ಉತ್ತರ ಕೊಟ್ಟ.

* * *

ಸಂಜೆಗೆ ಪರೀಕ್ಷಾ ಕೋಣೆಯಲ್ಲಿ ನಾಲ್ವರು. ಸಾವಂತ್ರವ್ವ, ಮಾಂತು, ಶಿವಪ್ರಕಾಶ, ಶೈಲಶ್ರೀ. ಬಾಗಿಲು ಹಾಕಿತ್ತು.

ಶೈಲಶ್ರೀ ಚೀಲದಿಂದ ಫ್ಯೂಜು ತೆಗೆದು ಗೋಡೆಗೆ ಸಿಕ್ಕಿಸಿದಳು. ಸ್ವಿಚ್ ಒತ್ತಿದಳು. ಗುಂಯ್! ದಂಡ ತಿರುಗಲಿಲ್ಲ. ತಕ್ಷಣ ಆರಿಸಿದಳು.

"ಇದ ಸಪ್ಪಳ ಹೌದಲ್ರೀ, ಮಾಂತು ಅವರ?"

"ಹೌದು. ಇದ."

"ನಿನ್ನಿ ಮಧ್ಯಾಹ್ನ ಕೇಳಿದ್ರಿ."

"ಎಷ್ಟು ಸಲ ಹೇಳಬೇಕು? ಹೌದು."

"ನಿನ್ನಿ ಗುರುವಾರ. ಗುರುವಾರ ಭೋಸರಿ ತುಂಬಾ ಕರೆಂಟ್ ತಗೀತಾರ. ಅದಕ್ಕ ನಮಗ ಆವತ್ತ ರಜಾ. ಬೋರ್ ನಡ್ಯಂಗಿಲ್ಲ, ಶಿವಪ್ಪ ನೀರು ಹೊರ್ತಾನ. ಕರೆಂಟ್ ಇಲ್ಲದ ಪಂಪು ಹೆಂಗ ಗುಂಯ್ ಅಂತು?"

ಮಾಂತು ಗೋಡೆಯ ಫ್ಯೂಜಿನ ಕಡೆ ನೋಡಿದ. "ಜನರೇಟರ್..."

"ಜನರೇಟರ್ ಬೇಕಂತ ನಾ ಕೇಳಿದಾಗ ದಂಡ ಖರ್ಚು ಅಂತ ತಳ್ಳಿ ಹಾಕಿದವರು ನೀವ. ಈ ಕಾರ್ಖಾನ್ಯಾಗ ಜನರೇಟರ್ ಇಲ್ಲ. ವಿಮಾನ ನಗರದಾಗ ಕುಂತವರಿಗೆ ಗುರುವಾರ ಅಂದ್ರ ಬರೇ ರಜಾ ಅನಸ್ತದ."

ಶಿವಪ್ರಕಾಶ ಶಿಳ್ಳೆ ಹಾಕುವಂತೆ ತುಟಿ ಮಾಡಿದ.

"ಇನ್ನೊಂದು," ಎಂದಳು ಶೈಲಶ್ರೀ. "ಇವತ್ತ ಕಾಶಪ್ಪ ಸ್ವಿಚ್ ಮುಟ್ಟಿಲ್ಲ. ಫ್ಯೂಜು ಇಷ್ಟೊತ್ತೂ ನನ್ನ ಚೀಲದಾಗ ಇತ್ತು. ಸುಟ್ಟ ಮ್ಯಾಲ ಇದು ಗುಂಯ್ ಅಂತದ ಅಂತ ಗೊತ್ತಿರೂದು ಸುಟ್ಟಾಂವಗ ಮಾತ್ರ. ಸುಟ್ಟು, ದಂಡ ನಿಂತ ಮ್ಯಾಲ ಮತ್ತ ಒತ್ತಿ ನೋಡೀರಿ. ಕರೆಂಟ್ ಇದ್ದಾಗ. ಅಂದ್ರ ಬುಧವಾರ."

ಬಾಗಿಲು ತೆರೆದು ಶಿವಪ್ಪನನ್ನು ಕರೆದಳು.

"ಬುಧವಾರ ಬಸ್ಸು ಹೋದ ಮ್ಯಾಲ ಯಾರು ಬಂದಿದ್ರು?"

"ಮಾಂತು ಸಾಹೇಬರು ಬಂದಿದ್ರಿ. ನನ್ನ ನಾಕ್ಯಾಕ ವಡಾಪಾವ್ ತರಾಕ ಕಳಿಸಿದ್ರು."

"ಮುಂಜಾನೆ ಯಾಕ ಹೇಳಲಿಲ್ಲೋ?" ಸಾವಂತ್ರವ್ವ ಗದರಿದರು.

"ಬಾಯಾರು ಹೊರಗಿನವರು ಯಾರು ಅಂತ ಕೇಳಿದ್ರು, ಅವ್ವಾರ. ಅವರು ಮನೆಯವರಲ್ರೀ?"

ಮಾಂತು ಎದ್ದು ನಿಂತ. "ಹೌದು, ನಾನ ಮಾಡೀನಿ! ಮನೀ ಕುರ್ಚಿ ಮನ್ಯಾಗ ಇರಬೇಕಿತ್ತು, ಅತ್ತಿ. ನಕ್ಷೆ ತಿದ್ದಾಕ ಬಂದಾಕಿ ನನ್ನ ತಲೀ ಮ್ಯಾಲ ಕೂಡೂದು? ಪಂಪು ಬಿದ್ದರ ಈಕಿ ಬೀಳ್ತಿದ್ದಳು. ಪಂಪಿಲ್ಲದ ಈ ಶಿವಪ್ರಕಾಶ ಏನು ಮಾರ್ತಿದ್ದ? ನೀ ನನ್ನ ಕಡೇನ ನೋಡ್ತಿದ್ದಿ."

ಸಾವಂತ್ರವ್ವ ಕನ್ನಡಕ ತೆಗೆದರು. ಮತ್ತೆ ಹಾಕಿಕೊಂಡರು.

"ಶೈಲಾ, ಕುರ್ಚಿ ನಿನ್ನದು. ಮಾಂತೂನ ನಾಳೆ ಊರಿಗೆ ಕಳಸ್ತೀನಿ. ಮೋಟರ್ ತಾನ ಸುಟ್ಟಿತು ಅಂತ ಹೇಳೂನು. ಮನೀ ಮಾತು ಮನ್ಯಾಗ ಇರಲಿ."

"ಇಲ್ರಿ."

"ಏನು?"

"ಕಾಶಪ್ಪಗ ಕುಡುಕ ಅಂದಿದ್ದು ಮನ್ಯಾಗ ಅಲ್ರಿ. ನೂರು ಮಂದಿ ಮುಂದ. ಖರೇ ಮಾತೂ ಅವರ ಮುಂದನ ಬರಬೇಕು."

"ಹಂಗಾರ ಕುರ್ಚಿ ಸಿಗಂಗಿಲ್ಲ ಅಂದರ?"

"ಇಟ್ಟುಕೋರ್ರಿ. ನಾ ಮಾತ್ರ ಹೇಳೇ ಮನೀಗೆ ಹೋಗಾಕಿ."

ಅವಳು ಬಾಗಿಲು ಪೂರ್ತಿ ತೆರೆದಳು. ಕೈ ಎತ್ತಿದಳು. ಒಂದೊಂದಾಗಿ ಲೇಥುಗಳು ನಿಂತವು. ಜೋರು ದನಿ ಅವಳದಲ್ಲ. ಆದರೂ ಕೊನೆಯ ಸಾಲಿನವರೆಗೆ ಕೇಳಿತು. ಕನ್ನಡದಲ್ಲಿ ಹೇಳಿದಳು, ಮರಾಠಿಯಲ್ಲಿ ಮತ್ತೆ ಹೇಳಿದಳು. ಯಾರು ಸುಟ್ಟರು, ಹೇಗೆ ಸುಟ್ಟರು. ಹೆಸರನ್ನೂ ಹೇಳಿದಳು. ಮಾಂತು ಹಿಂಬಾಗಿಲಿನಿಂದ ಹೋಗಲು ನೋಡಿದ. ಹುಲಿಗೆವ್ವ ಪೆಟ್ಟಿಗೆ ಅಡ್ಡ ಎಳೆದು ಅದರ ಮೇಲೆ ಕೂತಳು.

"ಕೂಡ್ರಿ ಸಾಹೇಬರ. ಪೂರ್ತಿ ಕೇಳಿ ಹೋಗೀರಂತ."

ಸಾವಂತ್ರವ್ವ ನಿಧಾನವಾಗಿ ನಡೆದು ಬಂದು ಕಾಶಪ್ಪನ ಎದುರು ನಿಂತರು.

"ನಂದು ತಪ್ಪಾತಪಾ."

ಕಾಶಪ್ಪ ಕೊರಳಿನ ಮಾಲೆ ಮುಟ್ಟಿ ಕೈ ಮುಗಿದ. ಅವರು ಶೈಲಶ್ರೀಯ ಕಡೆ ತಿರುಗಿದರು.

"ನಾಳೆ ಡೀಲರು ಬರ್ತಾರ. ಏನು ತೋರ್ಸೂದು?"

"ಸುಟ್ಟದ್ದನ್ನ ಬಿಚ್ಚಿ ತೋರಸ್ತೀನಿ," ಎಂದಳು ಶೈಲಶ್ರೀ. "ನೀರಿಲ್ಲದ ಓಡಿಸಿದರ ಏನಾಗ್ತದ ಅಂತ ಅವರಿಗೂ ಗೊತ್ತಿರಲಿ."

"ಮತ್ತ ಪಂಪು ಏಳೂದು ಯಾವಾಗ, ಕಾಶಪ್ಪ?"

"ಬಾಯಾರು ಹೊಸಾ ಸೀಲ್ ತರಿಸಿಕೊಟ್ಟ ದಿನ ಎಬ್ಬಸ್ತೀನ್ರಿ."

"ಬಾಯಾರು ಅನಬ್ಯಾಡ. ಇವತ್ತಿನಿಂದ ವೈಸ್ ಪ್ರೆಸಿಡೆಂಟ್ ಅನ್ನು."

ಕಾಶಪ್ಪ ಒಂದು ಗಳಿಗೆ ಯೋಚಿಸಿದ.

"ಅದು ಭಾಳ ಉದ್ದ ಆಕ್ಕದ್ರಿ, ಅವ್ವಾರ. ಕರದು ಮುಗಸೂದ್ರಾಗ ಇನ್ನೊಂದು ಪಂಪು ಸುಡ್ತದ."

ಕಾರ್ಖಾನೆಯೆಲ್ಲ ನಕ್ಕಿತು. ಶೈಲಶ್ರೀ ನಗಲಿಲ್ಲ. ಸೆರಗು ಸಿಕ್ಕಿಸಿ ಪಂಪಿನ ಪಕ್ಕ ಕೂತಾಗಿತ್ತು. "ಪಾನಾ ಕೊಡು," ಎಂದಳು.