ಶ್ರಾವಣ ಸೋಮವಾರದ ಹಾಲು

ಭಾಗವ್ವ ಬಾಗಿಲು ತಟ್ಟಿದಾಗ ಕಸ್ತೂರಕ್ಕ ನಾನು ಮಾಡಿದ ನೀರುದೋಸೆಯನ್ನು ಹೀಯಾಳಿಸುತ್ತಲೇ ಮತ್ತೊಂದು ಹಾಕಿಸಿಕೊಳ್ಳುತ್ತಿದ್ದರು. ರೊಟ್ಟಿ ತಿಂದ ಬಾಯಿಗೆ ಇದು ತಿಂದದ್ದೇ ಗೊತ್ತಾಗುವುದಿಲ್ಲವೆಂದು ಅವರ ದೂರು.

ಅದು ಎಪ್ಪತ್ನಾಲ್ಕರ ಶ್ರಾವಣ. ಮಾಟುಂಗದ ಬಿಲ್ಡಿಂಗಿನಲ್ಲಿ ನಮ್ಮಿಬ್ಬರದು ಎದುರುಬದುರು ಮನೆ. ನಾನು ರಾಜೀವಿ, ಉಡುಪಿ ಕಡೆಯವಳು, ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಟೀಚರ್. ಕಸ್ತೂರಕ್ಕ, ಅಂದರೆ ವಿಜಾಪುರದ ಕಡೆಯ ಕಸ್ತೂರಿಬಾಯಿ, ಇಲ್ಲಿನ ವೈದ್ಯಕೀಯ ಕಾಲೇಜೊಂದರಲ್ಲಿ ಔಷಧಗಳ ಪಾಠ ಹೇಳುತ್ತಿದ್ದರು. ಕನ್ನಡ ಸಂಘದ ಹಾರ್ಮೋನಿಯಂ ಕದ್ದವನನ್ನು ಅವರು ಹಿಡಿದುಕೊಟ್ಟ ಮೇಲೆ, ಏನೇ ಆದರೂ ಜನ ಪೊಲೀಸರಿಗಿಂತ ಮೊದಲು ಅವರ ಬಳಿ ಬರುತ್ತಿದ್ದರು. ಎಲ್ಲಿಗೆ ಹೊರಟರೂ ನನ್ನನ್ನು ಎಳೆದುಕೊಂಡು ಹೋಗುತ್ತಿದ್ದರು. ನಾನು ಗೊಣಗುತ್ತಿದ್ದೆ, ಆದರೆ ಅವರು ಕರೆಯುವ ಮೊದಲೇ ಚಪ್ಪಲಿ ಮೆಟ್ಟಿಕೊಂಡಿರುತ್ತಿದ್ದೆ.

ಭಾಗವ್ವ ಕುರ್ಲಾದ ಚಾಳಿನಲ್ಲಿ ಖಾನಾವಳಿ ನಡೆಸುವವಳು. ಕಟ್ಟಡ ಕೆಲಸದ ನಮ್ಮ ಜನರೆಲ್ಲ ಅವಳ ಜೋಳದ ರೊಟ್ಟಿಗೆ ಬೀಳುತ್ತಿದ್ದರು. ಒಳಗೆ ಬಂದವಳು ಕೂರಲೂ ಇಲ್ಲ.

"ಬಾಯಾರ, ನನ್ನ ತಮ್ಮ ದಾನಪ್ಪನ್ನ ಪೊಲೀಸರು ಒಯ್ದಾರ್ರಿ. ಹಾಲಿನಾಗ ವಿಷ ಹಾಕ್ಯಾನಂತ. ಚಂದ್ರಾಮ ಸತ್ತಾ ಅಂದ್ರ ಇವಂಗ ಫಾಸೀನ ಗತಿ."

ನೀರು ಕುಡಿಸಿ ವಿಷಯ ಕೇಳಿದೆವು. ಚಂದ್ರಾಮ ಅವಳ ಖಾನಾವಳಿಯಲ್ಲಿ ಉಣ್ಣುವ ಹುಡುಗ, ದಾನಪ್ಪನ ಜೊತೆ ಘಾಟ್ಕೋಪರಿನಲ್ಲಿ ಇಟ್ಟಿಗೆ ಹೊರುವವನು. ಹಿಂದಿನ ದಿನ ಶ್ರಾವಣದ ಮೊದಲ ಸೋಮವಾರ. ಊರಿನಲ್ಲಿ ಹೆಂಡತಿ ಬಸುರಿ, ಅದಕ್ಕೇ ಉಪವಾಸ ಹಿಡಿದಿದ್ದ. ಚಾಳಿನಲ್ಲೇ ಸಿದ್ದಲಿಂಗಯ್ಯ ಎಂಬ ಹಿರಿಯ ಜಂಗಮರಿದ್ದರು, ಎಲ್ಲರಿಗೂ ಅವರು ಅಜ್ಜಾರು. ಭಾಗವ್ವ ದಿನವೂ ಅವರಿಗೊಂದು ಲೋಟ ಹಾಲು ಕಳಿಸುತ್ತಿದ್ದಳು. ಆ ಸೋಮವಾರ ಅಜ್ಜಾರು ಒಂದೇ ಗುಟುಕು ಕುಡಿದು ಉಳಿದದ್ದನ್ನು ಪ್ರಸಾದವೆಂದು ಚಂದ್ರಾಮನಿಗೆ ಕೊಟ್ಟಿದ್ದರು. ಅಷ್ಟನ್ನೇ ಕುಡಿದು ಕೆಲಸಕ್ಕೆ ಹೋದವನು ಮಧ್ಯಾಹ್ನದ ಹೊತ್ತಿಗೆ ಬೆವರಿ, ನಡುಗಿ, ಕುಡಿದವನ ಹಾಗೆ ಕೂಲಿಗಳ ಮೇಲ್ವಿಚಾರಕನಾದ ಮುಕಾದಮನನ್ನು ಬೈದು ಬಿದ್ದುಬಿಟ್ಟ. ಲೋಟವನ್ನು ಅಡುಗೆಮನೆಯಿಂದ ಅಜ್ಜಾರಿಗೆ ಒಯ್ದು ಕೊಟ್ಟವನು ದಾನಪ್ಪ. ಮುಕಾದಮನ ಕೆಲಸ ತನಗೆ ಸಿಗಬೇಕೆಂದು ಅವನಿಗೂ ಚಂದ್ರಾಮನಿಗೂ ಜಗಳವಾಗಿತ್ತು. ಮೇಲೆ ಅವನ ಟ್ರಂಕಿನಲ್ಲಿ ಇಲಿಪಾಷಾಣ ಸಿಕ್ಕಿತ್ತು.

"ಅಜ್ಜಾರಿಗೆ ಏನೂ ಆಗಲಿಲ್ಲೇನು?" ಎಂದು ಕಸ್ತೂರಕ್ಕ ಕೇಳಿದರು.

"ಇಲ್ರಿ. ಅವರಿಗೆ ಸಕ್ಕರಿ ಬ್ಯಾನಿ ಐತಿ. ಆದರೂ ನನ್ನ ಕೈಯಾಗಿನ ಹಾಲು ಅವರಿಗೇನೂ ಮಾಡಂಗಿಲ್ರಿ."

ಆ ಮಾತನ್ನು ನಾನು ಬರಿಯ ಹೆಮ್ಮೆ ಅಂದುಕೊಂಡೆ. ಕಸ್ತೂರಕ್ಕ ಮಾತ್ರ ತಟ್ಟೆ ಪಕ್ಕಕ್ಕಿಟ್ಟರು.

ಮೊದಲು ಆಸ್ಪತ್ರೆಗೆ ಹೋದೆವು. ಎಳೆಯ ಡಾಕ್ಟರು ತಲೆ ಕೆರೆದುಕೊಳ್ಳುತ್ತಿದ್ದರು. ಬಂದ ಕೂಡಲೇ ಗ್ಲೂಕೋಸ್ ಏರಿಸಿದ್ದರಿಂದ ಚಂದ್ರಾಮ ನಿದ್ದೆಯಿಂದ ಎದ್ದವನಂತೆ ಎದ್ದು ಕೂತು ಮಾತಾಡಿದ್ದ. ಗುಣವಾಯಿತೆಂದು ಬಾಟಲಿ ತೆಗೆದರೆ ಬೆಳಗಿನ ಜಾವ ಮತ್ತೆ ಎಚ್ಚರ ತಪ್ಪಿತ್ತು. ವಾಂತಿ ಇಲ್ಲ, ಹೊಟ್ಟೆನೋವಿಲ್ಲ. ಎಚ್ಚರವಿದ್ದಾಗ ಒಂದು ಮಾತು ಹೇಳಿದ್ದ, ಪ್ರಸಾದದ ಹಾಲು ಸಿಹಿಯಾಗಿತ್ತು, ಆದರೆ ನಾಲಿಗೆಯ ಹಿಂದೆ ಕಹಿ ಹತ್ತಿತ್ತು ಎಂದು. ಕಸ್ತೂರಕ್ಕ ಡಾಕ್ಟರನ್ನು ಪಕ್ಕಕ್ಕೆ ಕರೆದು ಇಂಗ್ಲಿಷಿನಲ್ಲಿ ಏನೋ ಹೇಳಿದರು. ಬಾಟಲಿ ಮತ್ತೆ ಏರಿತು.

ಅಲ್ಲಿಂದ ಚಾಳಿಗೆ. ಕುರ್ಲಾ ಸ್ಟೇಷನ್ನಿನ ಸೇತುವೆ ಇಳಿಯುವಷ್ಟರಲ್ಲಿ ನನ್ನ ಸೀರೆಯ ನೆರಿಗೆ ಊರಪಾಲಾಗಿತ್ತು, ಆ ಸ್ಟೇಷನ್ನನ್ನು ನಾನು ಎಂದೂ ಕ್ಷಮಿಸಿಲ್ಲ. ಅಜ್ಜಾರು ಕಂಬಳಿಯ ಮೇಲೆ ಕೂತು ನಮ್ಮ ಪ್ರಶ್ನೆಗಳಿಗೆಲ್ಲ ಶಾಂತವಾಗಿ ಉತ್ತರ ಕೊಟ್ಟರು. ಹಾಲು ದಿನವೂ ಒಂದಿಷ್ಟು ಕಹಿಯಂತೆ, ಯಾಲಕ್ಕಿ ಹಳೆಯದಿರಬೇಕೆಂದು ಸುಮ್ಮನಿದ್ದರಂತೆ. ಡಾಕ್ಟರು ಬರೆದುಕೊಟ್ಟ ಗುಳಿಗೆಯನ್ನು ಊಟದ ಹೊತ್ತಿಗೆ ತಾವೇ ನುಂಗುತ್ತಿದ್ದರು. ಇತ್ತೀಚೆಗೆ ಊಟ ಸ್ವಲ್ಪ ತಡವಾದರೂ ಬೆವರು, ಕೈನಡುಕ. ವಯಸ್ಸಾಯಿತಲ್ಲ ಎಂದು ನಕ್ಕರು. ಕಸ್ತೂರಕ್ಕ ನಗಲಿಲ್ಲ, ತಾವು ಹೇಳುವವರೆಗೆ ಹಾಲು ಮುಟ್ಟಬೇಡಿರೆಂದು ಅವರಿಗೆ ಹೇಳಿ ಎದ್ದರು.

ಲೋಕಲ್‌ನಲ್ಲಿ ಮರಳುವಾಗ ನಾನು ಸುಮ್ಮನಿರಲಾರದೆ ಕೇಳಿದೆ, "ಎಂತ ಕಸ್ತೂರಕ್ಕ, ಇಲಿಪಾಷಾಣ ಅಲ್ಲವಾ?"

"ಸಕ್ಕರಿ ಕೊಟ್ರ ಹೋಗಿ, ಬಿಟ್ರ ತಿರುಗಿ ಬರೂ ಪಾಷಾಣ ಯಾವ ಅಂಗಡ್ಯಾಗ ಸಿಗತೈತಿ ರಾಜೀವಿ?" ಎಂದು ಕಿಟಕಿಯ ಕಡೆ ತಿರುಗಿದರು.

ಎರಡು ದಿನ ಬಿಟ್ಟು ಚಂದ್ರಾಮ ಆಸ್ಪತ್ರೆಯಿಂದ ಬಂದ. ಅಂದೇ ಮಧ್ಯಾಹ್ನ ಕಸ್ತೂರಕ್ಕ ಖಾನಾವಳಿಯಲ್ಲಿ ಎಲ್ಲರನ್ನೂ ಸೇರಿಸಿದರು. ಹವಾಲ್ದಾರ ದಾನಪ್ಪನನ್ನು ಕರೆತಂದು ಪಕ್ಕದಲ್ಲೇ ಕೂರಿಸಿಕೊಂಡಿದ್ದ. ಅಜ್ಜಾರು ಗೋಡೆಗೆ ಒರಗಿದ್ದರು. ಚಂದ್ರಾಮ ಗೆಳೆಯನ ಮುಖ ನೋಡದೆ ನೆಲ ನೋಡುತ್ತಿದ್ದ.

"ಭಾಗವ್ವ, ಅಜ್ಜಾರಿಗೆ ದಿನಾ ಮಾಡಿದಂಗ ಒಂದು ಲೋಟ ಹಾಲು ಮಾಡು. ಏನೂ ಬಿಡಬ್ಯಾಡ," ಎಂದರು ಕಸ್ತೂರಕ್ಕ.

ಭಾಗವ್ವ ಸ್ಟೋವ್ ಹೊತ್ತಿಸಿದಳು. ಹಾಲು ಕಾಯಿತು. ಕೈತುಂಬ ಸಕ್ಕರೆ ಬಿತ್ತು. ಸಣ್ಣ ಒರಳಿಗೆ ಯಾಲಕ್ಕಿ ಹಾಕಿದಳು. ಆಮೇಲೆ ಗೂಡಿನಿಂದ ಒಂದು ಬಾಟಲಿ ತೆಗೆದು ಬಿಳಿ ಗುಳಿಗೆಗಳನ್ನು ಅಂಗೈಗೆ ಸುರಿದುಕೊಂಡು, ಸಕ್ಕರೆಯನ್ನೊಮ್ಮೆ ನೋಡಿ, ಇನ್ನೊಂದು ಸೇರಿಸಿ, ಯಾಲಕ್ಕಿಯ ಜೊತೆಗೇ ಕುಟ್ಟಿ ಹಾಲಿಗೆ ಹಾಕಿ ಕದಡಿದಳು. ಒಗ್ಗರಣೆಗೆ ಸಾಸಿವೆ ಹಾಕುವಷ್ಟೇ ಸಹಜವಾಗಿ ಹಾಕಿದಳು. ತಲೆ ಎತ್ತಿದಾಗ ಎಲ್ಲರೂ ಅವಳನ್ನೇ ನೋಡುತ್ತಿದ್ದರು.

"ಅದೇನದು?" ಎಂದು ಅಜ್ಜಾರು ಕೇಳಿದರು.

"ನಿಮ್ಮ ಸಕ್ಕರಿ ಬ್ಯಾನಿ ಗುಳಿಗೀನ್ರಿ ಅಜ್ಜಾರ. ನಿಮಗ ಸಿಹಿ ಹಾಲಂದ್ರ ಜೀವ. ಡಾಕ್ಟರು ಬ್ಯಾಡ ಅಂದಿಂದ ನಿಮ್ಮ ಮಾರಿ ನೋಡಾಕ ಆಗಲಿಲ್ಲ. ಅದಕ್ಕ ಔಷಧದ ಅಂಗಡ್ಯಾಗ ತಗೊಂಡು ಹಾಲಿಗೇ ಹಾಕ್ತೀನಿ. ಸಕ್ಕರಿನ್ನ ಅಲ್ಲೇ ಕೊಲ್ಲಲಿ ಅಂತ. ಸೋಮವಾರ ಹಬ್ಬದ್ದಿನ, ಸಕ್ಕರಿ ಜಾಸ್ತಿ ಹಾಕಿದ್ನಿ, ಅದಕ್ಕ ಗುಳಿಗೀನೂ ಜಾಸ್ತಿ."

ತಮ್ಮನನ್ನು ಉಳಿಸಿಕೊಡಿ ಎಂದು ಅತ್ತು ಬಂದವಳ ಕೈಯಲ್ಲೇ ಆ ಒರಳಿತ್ತು.

ಕಸ್ತೂರಕ್ಕ ಲೋಟವನ್ನು ಮೆಲ್ಲಗೆ ಅವಳಿಂದ ತೆಗೆದುಕೊಂಡು, ಮಕ್ಕಳಿಗೆ ಪಾಠ ಹೇಳುವ ಹಾಗೆ ಬಿಡಿಸಿ ಹೇಳಿದರು. ಈ ಗುಳಿಗೆ ಹಾಲಿನಲ್ಲಿರುವ ಸಕ್ಕರೆಯನ್ನು ಮುಟ್ಟುವುದೇ ಇಲ್ಲ. ಹೊಟ್ಟೆಯ ಹಿಂದೆ ಒಂದು ಗ್ರಂಥಿಯಿದೆ, ಅದರ ಜೀವಕೋಶಗಳು ಇನ್ಸುಲಿನ್ ಎಂಬ ಹಾರ್ಮೋನು ತಯಾರಿಸುತ್ತವೆ. ಗುಳಿಗೆ ಆ ಕೋಶಗಳನ್ನು ತಟ್ಟಿ ಎಬ್ಬಿಸಿ, ಇರುವ ಹಾರ್ಮೋನನ್ನೆಲ್ಲ ರಕ್ತಕ್ಕೆ ಸುರಿಸುತ್ತದೆ. ಆ ಹಾರ್ಮೋನು ಮೈಯ ಕೋಶಗಳಿಗೆಲ್ಲ ರಕ್ತದ ಸಕ್ಕರೆ ಎಳೆದುಕೊಂಡು ಉರಿಸಿರಿ ಎನ್ನುತ್ತದೆ. ಉಪವಾಸದ ದಿನ ಲಿವರು ತನ್ನ ದಾಸ್ತಾನಿನಿಂದ ಸಕ್ಕರೆ ಬಿಟ್ಟು ನಮ್ಮನ್ನು ಕಾಪಾಡುತ್ತದೆ. ಇನ್ಸುಲಿನ್ ಆ ಬಾಗಿಲನ್ನೂ ಮುಚ್ಚಿಬಿಡುತ್ತದೆ.

"ಅಜ್ಜಾರ ಕೋಶ ದಣದಾವು. ಎಷ್ಟು ತಟ್ಟಿದ್ರೂ ಒಂದೀಟ ಕೊಡತಾವು. ಈ ಹುಡುಗನ್ವು ಗಟ್ಟಿ ಅದಾವು, ಕೇಳಿದಷ್ಟೂ ಕೊಟ್ಟುವು. ಹೊಟ್ಟಿ ಖಾಲಿ, ಮ್ಯಾಲೆ ಇಟ್ಟಂಗಿ ಹೊರೂ ಕೆಲಸ. ಹಾಲಿನ ಸಕ್ಕರಿ ಆಗಲೇ ಮುಗದಿತ್ತು, ಗುಳಿಗಿ ಇನ್ನೂ ದುಡೀತಿತ್ತು. ಮಿದುಳಿಗೆ ತಿನ್ನಾಕ ಸಕ್ಕರಿ ಉಳೀಲಿಲ್ಲ."

ಗ್ಲೂಕೋಸ್ ಬಾಟಲಿ ತೆಗೆದ ಮೇಲೆ ಚಂದ್ರಾಮ ಮತ್ತೆ ಎಚ್ಚರ ತಪ್ಪಿದ್ದರಿಂದಲೇ ಗುಳಿಗೆಯ ಸುಳಿವು ಹತ್ತಿತಂತೆ. ಅಜ್ಜಾರ ಬೆವರು ಕೇಳಿದ ಮೇಲೆ, ಅವರು ತಾವೇ ನುಂಗುವ ಗುಳಿಗೆಯ ಮೇಲೆ ಯಾರೋ ಇನ್ನಷ್ಟು ಕೊಡುತ್ತಿದ್ದಾರೆಂದು ಗೊತ್ತಾಯಿತು. ಇಬ್ಬರೂ ಕುಡಿದದ್ದು ಅದೊಂದೇ ಹಾಲು, ಇಬ್ಬರಿಗೂ ಕಹಿ. ಚಂದ್ರಾಮನನ್ನು ದ್ವೇಷಿಸುವವನು ಅಜ್ಜಾರ ಲೋಟಕ್ಕೆ ದಿನವೂ ಏಕೆ ಹಾಕುತ್ತಾನೆ? ಅದೂ ಅವರು ಪ್ರಸಾದ ಯಾರಿಗೆ ಕೊಡುತ್ತಾರೋ ತಿಳಿಯದೆ? ಪ್ರೀತಿಯಿರುವವರೇ ಹಾಕಿರಬೇಕು. ತನ್ನ ಕೈಯ ಹಾಲು ಅಜ್ಜಾರಿಗೆ ಏನೂ ಮಾಡಂಗಿಲ್ಲ ಎಂದು ಅಷ್ಟು ಧೈರ್ಯದಿಂದ ಹೇಳಿದವಳು ಒಬ್ಬಳೇ.

ಹವಾಲ್ದಾರ ಟೋಪಿ ತೆಗೆದು ಬೆವರು ಒರೆಸಿಕೊಂಡು, ಸಾಹೇಬರಿಗೆ ಹೀಗೆಯೇ ಹೇಳುತ್ತೇನೆಂದು ಮರಾಠಿಯಲ್ಲಿ ಗೊಣಗಿದ. ದಾನಪ್ಪ ಅಕ್ಕನ ಹೆಗಲು ಹಿಡಿದುಕೊಂಡ. ಭಾಗವ್ವ ಅಳಲಿಲ್ಲ. ಪಾತ್ರೆಗಳನ್ನೆಲ್ಲ ಒಂದೊಂದಾಗಿ ಬೋರಲು ಹಾಕತೊಡಗಿದಳು.

"ಇನ್ನ ನಾ ಯಾರಿಗೂ ಉಣ್ಣಾಕ ಹಾಕಂಗಿಲ್ಲ. ಈ ಕೈ ಬ್ಯಾಡ."

ಆಗ ಚಂದ್ರಾಮ ಗೋಡೆ ಹಿಡಿದು ಎದ್ದ. ಅವಳು ಬೋರಲು ಹಾಕಿದ್ದ ತಟ್ಟೆಯೊಂದನ್ನು ತೆಗೆದು ನೆಟ್ಟಗೆ ಮಾಡಿ, ಅವಳ ಮುಂದೆ ಇಟ್ಟುಕೊಂಡು ಚಕ್ಕಳಮಕ್ಕಳ ಹಾಕಿ ಕೂತ.

"ಆಸ್ಪತ್ರ್ಯಾಗ ಬರೇ ಬ್ರೆಡ್ ತಿಂದು ಬಾಯಿ ಕೆಟ್ಟೈತಿ ಅಕ್ಕಾ. ಬಿಸಿ ರೊಟ್ಟಿ ಹಾಕು."

ಭಾಗವ್ವ ರೊಟ್ಟಿ ಬಡಿಯುತ್ತಾ ಅತ್ತಳು. ನಾನೂ ಅತ್ತೆ. ದಾನಪ್ಪ ಗೆಳೆಯನ ಪಕ್ಕ ಇನ್ನೊಂದು ತಟ್ಟೆ ಇಟ್ಟ. ಅಜ್ಜಾರು ತಮಗೂ ಹಾಲು ಬೇಕೆಂದರು, ಸಪ್ಪೆಯದು, ಅವಳ ಕೈಯದೇ.

ಈಗ ಆ ಚಾಳಿಲ್ಲ, ಕಸ್ತೂರಕ್ಕನೂ ಇಲ್ಲ. ಎದುರು ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ನನಗೂ ಸಕ್ಕರೆ ಕಾಯಿಲೆ ಬಂದಿದೆ, ದಿನವೂ ಗುಳಿಗೆ ನುಂಗುತ್ತೇನೆ. ಅದಕ್ಕೆ ಮುಂಚೆ ತಟ್ಟೆಯಲ್ಲಿ ದೋಸೆ ಇದೆಯೇ ಎಂದು ನೋಡಿಕೊಳ್ಳುತ್ತೇನೆ. ಅದನ್ನು ಹೀಯಾಳಿಸಿ ತಿನ್ನುವವರು ಎದುರಿಗಿಲ್ಲವಲ್ಲ ಎಂದು ಬೆಳಗಾದರೆ ಅಳು ಬರುತ್ತದೆ.