ಶುಕ್ರವಾರದ ಕುಂಬಳಕಾಯಿ

“ಒಳಗೆ ಬರಬೇಡಿ!”

ಗಲ್ಫಿನ ರಿಗ್ಗೈ ಬಡಾವಣೆಯ ಮೂರನೇ ಮಹಡಿಯ ಫ್ಲ್ಯಾಟ್‌ನ ಬಾಗಿಲು ತೆರೆದ ಉಮಾವತಿ ಅಡ್ಡ ನಿಂತಳು. ಎದುರಿಗೆ ಗಂಡನ ಜೊತೆ ಕೆಲಸ ಮಾಡುತ್ತಿದ್ದ ವಿನೀತ್. ಅವನ ತೋಳುಗಳಲ್ಲಿ ದೊಡ್ಡದೊಂದು ಸಿಹಿಗುಂಬಳ.

“ಅನ್ವಿತಾ ಫೋನ್ ಮಾಡಿದ್ಲು... ಸ್ಕೂಲಿಗೆ ಕುಂಬಳಕಾಯಿ ಅಲಂಕಾರ ಮಾಡ್ಲಿಕ್ಕುಂಟಂತೆ. ಕೊಟ್ಟು ಹೋಗ್ತೇನೆ.”

ಅಷ್ಟರಲ್ಲಿ ಎಂಟು ವರ್ಷದ ಮಗಳು ಅನ್ವಿತಾ ಓಡಿಬಂದು ಅವನ ತೋಳು ಹಿಡಿದೆಳೆದಳು. “ಅಂಕಲ್, ಕಮ್! ಪೇಂಟ್ ಈಸ್ ರೆಡಿ!”

ಮಗಳ ಮುಖದಲ್ಲಿ ನಗು ಕಂಡು ಎಷ್ಟು ತಿಂಗಳಾಗಿತ್ತು! ಉಮಾವತಿ ಪಕ್ಕಕ್ಕೆ ಸರಿದಳು.

ಹೋದ ವರ್ಷ ಇದೇ ಅಕ್ಟೋಬರ್‌ನಲ್ಲಿ ಅವಳ ಗಂಡ ರೋಹಿದಾಸ, ಮೀನಾ ಅಬ್ದುಲ್ಲಾ ಬಂದರಿನ ಕಡೆಯ ಕಟ್ಟಡದ ಸೈಟೊಂದರಲ್ಲಿ ಎತ್ತರದಿಂದ ಬಿದ್ದು ತೀರಿಕೊಂಡಿದ್ದ. ಅಂದು ಗುರುವಾರ. ಡ್ಯೂಟಿ ವಿನೀತನದು, ಅವನ ಬದಲು ಹೋದವನು ರೋಹಿದಾಸ.

ಆಮೇಲೆ ಶವ ಊರಿಗೆ ಕಳಿಸುವ ಕಾಗದಪತ್ರದಿಂದ ಹಿಡಿದು, ಉಮಾವತಿಯ ವಾಸದ ಪರವಾನಗಿ ಇಕಾಮಾ ಅವಳು ದುಡಿಯುವ ಕ್ಲಿನಿಕ್‌ಗೆ ಬದಲಾಗುವವರೆಗೆ ವಿನೀತನೇ ಓಡಾಡಿದ್ದ.

‘ತಪ್ಪು ಮಾಡಿದವನ ಓಡಾಟ!’ ಎಂದು ಅವಳು ಹಲ್ಲು ಕಚ್ಚಿದ್ದಳು. ಮುಖಕ್ಕೆ ಹೊಡೆದಂತೆ ಬೈದರೂ ಅವನು ಒಮ್ಮೆಯೂ ಎದುರಾಡಿರಲಿಲ್ಲ.

ಹಾಲಿನಲ್ಲಿ ಹಳೆಯ ಪೇಪರ್ ಹಾಸಿ, ಅನ್ವಿತಾ ಕುಂಬಳಕಾಯಿಗೆ ಕಣ್ಣು, ಮೂಗು ಬರೆದಳು. ವಿನೀತ್ ಉಲ್ಲನ್ ನೂಲಿನ ಜಡೆ ಹೆಣೆದು ಅಂಟಿಸುತ್ತಿದ್ದ.

“ಅಂಕಲ್, ಪಪ್ಪಾ ಪ್ರಾಮಿಸ್ಡ್ ಮಿ... ಫ್ರೈಡೇ ಪಂಪ್ಕಿನ್ ಮಾಡುವಾ ಅಂತ. ಯೂ ಡಿಡಂಟ್ ಲೆಟ್ ಹಿಮ್, ನೋ?”

“ಬಿಟ್ಟಿದ್ದೆ ಪುಟ್ಟಿ... ಅವನ ಫ್ರೈಡೇ ಡ್ಯೂಟಿ ನಾನೇ ತಗೊಂಡಿದ್ದೆ...” ಅವನು ಅವಸರದಲ್ಲಿ ಅಂಟಿನ ಬಾಟಲಿಗೆ ಕೈ ಹಾಕಿದ.

ಉಮಾವತಿ ಗಕ್ಕನೆ ತಿರುಗಿದಳು. “ಅನ್ವಿ, ಬ್ರಷ್ ತೊಳ್ಕೊಂಡು ಬಾ.”

ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟ ಸದ್ದು ಕೇಳಿಸಿತು.

“ಡ್ಯೂಟಿ ಬದಲಿಸ್ಲಿಕ್ಕೆ ಕೇಳಿದ್ದು ಯಾರು?”

ಅವನು ಜಡೆಗೆ ಇನ್ನೊಂದು ಗಂಟು ಹಾಕಿದ.

“ಹೇಳಿ ವಿನೀತ್!”

“ರೋಹಿಯೇ. ಶುಕ್ರವಾರ ಮನೆಯಲ್ಲಿರ್ಬೇಕು ಅಂದ. ನನ್ನ ಗುರುವಾರದ ಡ್ಯೂಟಿ ಅವನು ಮಾಡಿದ.”

ಅವಳು ಗೋಡೆಗೆ ಒರಗಿದಳು. ಆ ವಾರ ತಾನೇ ಗಂಡನಿಗೆ ಫೋನಿನಲ್ಲಿ ಕೂಗಿದ್ದು... ‘ಈ ಶುಕ್ರವಾರವೂ ಮಗುವನ್ನು ಅಳಿಸಿದ್ರೆ ನನ್ನ ಹತ್ರ ಮಾತಾಡ್ಲೇ ಬೇಡಿ!’

“ಅಯ್ಯೋ ದೇವರೇ... ನಾನೇ ಕಳಿಸಿದ್ದಾ ಅವರನ್ನು?”

“ಇದಕ್ಕೇ ನಾನು ಬಾಯಿ ಬಿಡ್ಲಿಲ್ಲ. ನೀವು ನನಗೆ ಶಾಪ ಹಾಕಿದ್ರೆ ತಡ್ಕೊಳ್ತೇನೆ. ನಿಮಗೆ ನೀವೇ ಹಾಕಿಕೊಳ್ಳುದು ನೋಡ್ಲಿಕ್ಕೆ ನನ್ನಿಂದ ಆಗುದಿಲ್ಲ.”

ಮಗಳಿಗೆ ಕೇಳದಿರಲೆಂದು ದುಪಟ್ಟಾವನ್ನು ಬಾಯಿಗೊತ್ತಿಕೊಂಡು ಅವಳು ಅತ್ತಳು. ಅವನು ನೂಲಿನ ಉಂಡೆಯನ್ನು ಕುಂಬಳಕಾಯಿಯ ಪಕ್ಕ ಇಟ್ಟ. ಎದ್ದು ನಿಂತ.

“ಬರ್ತೇನೆ. ಇನ್ನು ತೊಂದ್ರೆ ಕೊಡುದಿಲ್ಲ.”

“ಒಬ್ಬಳೇ ಅತ್ತು ಸಾಕಾಯ್ತು ವಿನೀತ್. ಕೂತ್ಕೊಳ್ಳಿ...”

“ಕೂತ್ರೆ ಎದ್ದು ಹೋಗ್ಲಿಕ್ಕೆ ಮನಸ್ಸಾಗುದಿಲ್ಲ ನನಗೆ.” ಅವನು ಬಾಗಿಲಿನತ್ತ ನೋಡಿದ. “ಅದನ್ನೂ ಹೇಳ್ಬಾರ್ದು ಅಂತಿದ್ದೆ...”

“ಹೇಳಿ ಆಯ್ತಲ್ಲ.” ಅವಳ ಕಣ್ಣೀರು ಇನ್ನೂ ನಿಂತಿರಲಿಲ್ಲ. “ನನಗೆ ಸಮಯ ಬೇಕು... ತುಂಬಾ.”

ಅವನು ಮೆಲ್ಲನೆ ಕುಳಿತ.

“ತಗೊಳ್ಳಿ. ನನಗೆ ಬೇರೆ ಎಲ್ಲಿಗೆ ಹೋಗ್ಲಿಕ್ಕುಂಟು, ಉಮಾ?”